ಹಲ್ಲು ನೋಡಿ ಟಯರ್ ಕೊಳ್ಳಬೇಡಿ
ಮಲೆನಾಡಿನ ಪಿಕಪ್‌ನವರಿಗೆ ಒಂದು ಬಹಿರಂಗ ಪತ್ರ

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಸೋಮವಾರಪೇಟೆ ಕಡೆಯ ಪಿಕಪ್ ಮಾಲೀಕರೇ, ಡ್ರೈವರ್ ಅಣ್ಣಂದಿರೇ,

ಮೇ ತಿಂಗಳಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ನಮ್ಮ ಪೇಟೆಗಳ ಟಯರ್ ಅಂಗಡಿಗಳ ಎದುರು ನಿಮ್ಮ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಒಳಗೆ ನಡೆಯುವ ಮಾತೂ ಪ್ರತಿ ವರ್ಷ ಒಂದೇ. "ಒಳ್ಳೆ ಗ್ರಿಪ್ ಇರೋದು ಕೊಡಿ, ತೋಟದ ರಸ್ತೆಗೆ ಹತ್ತಬೇಕು." ಅಂಗಡಿಯವರು ದಪ್ಪ ದಪ್ಪ ಹಲ್ಲಿನ ಟಯರೊಂದನ್ನು ಉರುಳಿಸಿಕೊಂಡು ಬರುತ್ತಾರೆ. ನೀವು ಆ ಹಲ್ಲಿನ ಸಂದಿಗೆ ಬೆರಳು ಇಟ್ಟು ಆಳ ನೋಡುತ್ತೀರಿ, ರೇಟು ಕೇಳುತ್ತೀರಿ, ಐನೂರು ಇಳಿಸುತ್ತೀರಿ, ಹಾಕಿಸಿಕೊಂಡು ಹೊರಡುತ್ತೀರಿ. ಟಯರಿನ ಪಕ್ಕೆಯ ಮೇಲೆ ಏನು ಬರೆದಿದೆ ಎಂದು ಓದುವವರನ್ನು ನಾನು ನೋಡಿದ್ದು ಕಡಿಮೆ. ಈ ಪತ್ರ ಆ ಬರಹದ ಬಗ್ಗೆ.

ನಾನು ಟಯರ್ ಮಾರುವವನಲ್ಲ. ಕಾಫಿ, ಮೆಣಸು ಇರುವ ಒಂದು ಸಣ್ಣ ತೋಟದವನು. ಹಳೆಯ ಪಿಕಪ್ ಒಂದನ್ನು ನಾನೇ ಓಡಿಸುತ್ತೇನೆ, ಕೊಯ್ಲಿನ ಕಾಲದಲ್ಲಿ ನಿಮ್ಮಂಥವರ ಗಾಡಿಗಳನ್ನು ಬಾಡಿಗೆಗೂ ಕರೆಸುತ್ತೇನೆ. ಹಾಗಾಗಿ ಸ್ಟೇರಿಂಗ್ ಹಿಂದೆ ಕೂತವನ ಕಷ್ಟವೂ ಗೊತ್ತು, "ಇನ್ನೊಂದು ನಾಲ್ಕು ಮೂಟೆ ಹಾಕಿಬಿಡಿ" ಎನ್ನುವವನ ಬುದ್ಧಿಯೂ ಗೊತ್ತು.

ಮೊದಲು ಒಂದು ಲೆಕ್ಕ. ನಿಮ್ಮ ಗಾಡಿ ಒಂದು ದಿನದಲ್ಲಿ ಓಡುವ ದಾರಿಯನ್ನು ನೆನಪಿಸಿಕೊಳ್ಳಿ. ತೋಟದ ಗೇಟಿನಿಂದ ಕಣದವರೆಗಿನ ಕೆಸರು ಎಷ್ಟು ದೂರ? ಅರ್ಧ ಕಿಲೋಮೀಟರ್, ಹೆಚ್ಚೆಂದರೆ ಎರಡು. ಉಳಿದದ್ದೆಲ್ಲ ಡಾಂಬರು ಅಥವಾ ಕಾಂಕ್ರೀಟು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಹೋಗುವುದೂ ಡಾಂಬರಿನ ಮೇಲೇ. ಶಿರಾಡಿಯನ್ನು 2015ರಲ್ಲಿ ಒಂದಷ್ಟು, 2018ರಲ್ಲಿ ಇನ್ನೊಂದಷ್ಟು ಕಾಂಕ್ರೀಟು ಮಾಡಿದರು. ಆಗುಂಬೆ, ಸಂಪಾಜೆ, ಬಾಳೆಬರೆಗಳ ತಿರುವುಗಳೂ ಕೆಸರಿನವಲ್ಲ, ನೀರು ಹರಿಯುವ ನುಣುಪು ರಸ್ತೆಯವು. ಕೆಸರಿನಲ್ಲಿ ಹೂತರೆ ಏನಾಗುತ್ತದೆ? ನಾಲ್ಕು ಜನ ಬಂದು ತಳ್ಳುತ್ತಾರೆ, ಟ್ರ್ಯಾಕ್ಟರ್ ಕರೆಸುತ್ತೀರಿ, ಬೈಗುಳ ಕೇಳುತ್ತೀರಿ, ಅಷ್ಟೆ. ಲೋಡು ತುಂಬಿದ ಗಾಡಿ ಘಾಟಿಯ ತಿರುವಿನಲ್ಲಿ ಜಾರಿದರೆ ಅಥವಾ ಅಲ್ಲಿ ಹಿಂದಿನ ಟಯರ್ ಸಿಡಿದರೆ ತಳ್ಳುವುದಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಟಯರ್ ಆರಿಸುವಾಗ ಮೊದಲು ಕೇಳಬೇಕಾದ್ದು ಕೆಸರಿನ ಪ್ರಶ್ನೆಯಲ್ಲ. ಇದು ಎಷ್ಟು ಭಾರ ಹೊರುತ್ತದೆ? ಒದ್ದೆ ಡಾಂಬರಿನಲ್ಲಿ ನಿಲ್ಲುತ್ತದೆಯೇ? ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ ಹಲ್ಲಿನ ಆಳ ನೋಡಿ.

ಭಾರದ ವಿಷಯವನ್ನೇ ಸ್ವಲ್ಪ ವಿಸ್ತರಿಸುತ್ತೇನೆ, ಯಾಕೆಂದರೆ ಎಲ್ಲರೂ ಹಾರಿಸಿಬಿಡುವುದು ಇದನ್ನೇ. ಟಯರಿನ ಪಕ್ಕೆಯಲ್ಲಿ 215/75 ಆರ್ 15 ಎಂಬಂಥ ಅಳತೆ ಇರುತ್ತದೆ. 215 ಎಂದರೆ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತೈದು ಪಾಲು. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಇಲ್ಲಿಯವರೆಗೆ ನಿಮಗೆಲ್ಲ ಗೊತ್ತು. ಅದರ ಪಕ್ಕದಲ್ಲೇ ಇನ್ನೊಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. ಆ ಸಂಖ್ಯೆಯೇ ಲೋಡ್ ಇಂಡೆಕ್ಸ್. ಅದು ಕಿಲೋ ಅಲ್ಲ, ಕಿಲೋಗೆ ತಾಳೆ ಹಾಕುವ ಗುರುತು. 100 ಎಂದಿದ್ದರೆ ಆ ಒಂದು ಟಯರು 800 ಕಿಲೋ ಹೊರಬಹುದು. 105ಕ್ಕೆ 925, 109ಕ್ಕೆ 1,030, 112ಕ್ಕೆ 1,120, 116ಕ್ಕೆ 1,250 ಕಿಲೋ. 116/114 ಎಂದು ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂಟಿ ಟಯರಿಗೆ, ಎರಡನೆಯದು ಹಿಂದೆ ಜೋಡಿ ಟಯರ್ ಇರುವ ಗಾಡಿಗೆ. ನಿಮ್ಮ ಪಿಕಪ್ಪಿಗೆ ಹಿಂದೆ ಒಂಟಿಯೇ ಆದ್ದರಿಂದ ಮೊದಲನೆಯದನ್ನು ನೋಡಿ. ಸಂಖ್ಯೆಯ ಪಕ್ಕದ ಅಕ್ಷರ ವೇಗದ್ದು. ಎನ್ ಎಂದರೆ ಗಂಟೆಗೆ 140 ಕಿ.ಮೀ., ಕ್ಯೂ ಎಂದರೆ 160, ಎಸ್ ಎಂದರೆ 180. ಘಾಟಿಯಲ್ಲಿ ಓಡುವ ನಮಗೆ ಅದು ತಲೆನೋವಲ್ಲ.

ಈಗ ಕೂಡಿಸಿ. ಖಾಲಿ ಗಾಡಿ 1,800 ಕಿಲೋ ಎಂದಿಟ್ಟುಕೊಳ್ಳೋಣ, ಒಳಗೆ 1,700 ಕಿಲೋ ಸರಕು. ಒಟ್ಟು 3,500. ಪಿಕಪ್ಪಿನಲ್ಲಿ ಸರಕಿನ ಬಹುಪಾಲು ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ. ಮೂರರಲ್ಲಿ ಎರಡು ಪಾಲು ಹಿಂದೆ ಎಂದರೂ 2,300 ಕಿಲೋ ದಾಟುತ್ತದೆ, ಒಂದೊಂದು ಟಯರಿಗೆ 1,150ರ ಮೇಲೆ. ಇದು ಸಮತಟ್ಟು ರಸ್ತೆಯ ಲೆಕ್ಕ. ಘಾಟಿ ಹತ್ತುವಾಗ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ, ತಿರುವಿನಲ್ಲಿ ಹೊರಗಿನ ಟಯರಿನ ಮೇಲೆ ವಾಲುತ್ತದೆ. ಇದರ ಮೇಲೆ "ಇನ್ನೊಂದು ನಾಲ್ಕು ಮೂಟೆ".

ಮೋಸ ಹೋಗುವುದು ಎಲ್ಲಿ ಎಂದರೆ, ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುವ ಆಲ್ ಟೆರೇನ್ ಟಯರುಗಳಲ್ಲಿ ಬಹಳಷ್ಟು ಎಸ್‌ಯುವಿಗಳಿಗಾಗಿ ಮಾಡಿದವು. 235/75 ಆರ್ 15 ಅಳತೆಯಲ್ಲಿ ಅಂಥವುಗಳ ಮೇಲೆ ಸಾಮಾನ್ಯವಾಗಿ 105 ಅಥವಾ 109 ಎಂದಿರುತ್ತದೆ. ನೋಡಲು ನಿಮ್ಮ ಹಳೆಯ ಟಯರಿಗಿಂತ ಅಗಲ, ಗಡುಸು, ಗಂಡುಮೆಟ್ಟಿನದು. ಹೊರುವುದು 925, ಇಲ್ಲವೇ 1,030 ಕಿಲೋ. ಕಂಪನಿಯವರು ಕೊಟ್ಟಿದ್ದ ಸಪ್ಪೆ ಮುಖದ ಟಯರು ಅದಕ್ಕಿಂತ ಹೆಚ್ಚು ಹೊರುತ್ತಿತ್ತು! ಐದು ಜನ ಕೂತು ಮುಳ್ಳಯ್ಯನಗಿರಿ ನೋಡಿಬರುವ ಗಾಡಿಗೆ ಅದು ಸರಿಯಾದ ಟಯರೇ. ಶುಂಠಿ ಮೂಟೆ ಹೊರುವ ಗಾಡಿಗೆ ಅಲ್ಲ. ಪಿಕಪ್ಪಿಗೆ ಬೇಕಾದ್ದು ಅಳತೆಯ ಜೊತೆ ಎಲ್‌ಟಿ ಅಥವಾ ಸಿ ಎಂಬ ಗುರುತಿರುವ, ಲಘು ಲಾರಿ ವರ್ಗದ ಟಯರು. 6, 8, 10 ಪಿ.ಆರ್. ಎಂದು ಬರೆದಿರುವುದು ಹಿಂದಿನ ಕಾಲದ ಹತ್ತಿಬಟ್ಟೆಯ ಪದರಗಳ ಲೆಕ್ಕದಿಂದ ಉಳಿದುಕೊಂಡ ರೂಢಿ. ಹತ್ತು ಪದರ ಒಳಗೆ ಇದೆ ಎಂದು ತಿಳಿಯಬೇಡಿ. ಪಿ.ಆರ್. ಹೆಚ್ಚಿದಷ್ಟೂ ಹೆಚ್ಚು ಗಾಳಿ ತಡೆಯುತ್ತದೆ, ಹೆಚ್ಚು ಭಾರ ಹೊರುತ್ತದೆ ಎಂದು ತಿಳಿದರೆ ಸಾಕು. ನಿಮ್ಮ ಗಾಡಿಗೆ ಎಷ್ಟು ಬೇಕು ಎನ್ನುವುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಹೆಚ್ಚಿನ ಗಾಡಿಗಳಲ್ಲಿ ಡ್ರೈವರ್ ಬಾಗಿಲಿನ ಒಳಗಡೆ ಅಂಟಿಸಿದ ಚೀಟಿಯಲ್ಲೂ ಇರುತ್ತದೆ. ಕೆಸರು ಮೆತ್ತಿದ್ದರೆ ಒರೆಸಿ ಓದಿ. ಆ ಲೋಡ್ ಇಂಡೆಕ್ಸಿಗಿಂತ ಒಂದು ಅಂಕ ಕೂಡ ಕೆಳಗಿಳಿಯಬೇಡಿ, ಹಲ್ಲು ಎಷ್ಟೇ ಚಂದ ಇರಲಿ.

ಇನ್ನು ಗಾಳಿ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಟಯರಿನ ಮೇಲೆ ಬರೆದ ಕಿಲೋ ಲೆಕ್ಕ ಪೂರ್ತಿ ಗಾಳಿ ಇದ್ದಾಗ ಮಾತ್ರ ನಿಜ. ಗಾಳಿ ಕಡಿಮೆಯಾದರೆ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿಕೊಳ್ಳುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಿಸಿಯಾಗಿ ಮುರಿಯುತ್ತದಲ್ಲ, ಇಲ್ಲೂ ಅದೇ ಕಥೆ. ಬಿಸಿ ಏರಿದಂತೆ ರಬ್ಬರಿಗೂ ಒಳಗಿನ ಉಕ್ಕಿನ ಎಳೆಗಳಿಗೂ ಇರುವ ಬೆಸುಗೆ ಸಡಿಲವಾಗುತ್ತದೆ, ಒಂದು ದಿನ ಪದರ ಕಿತ್ತು ಬರುತ್ತದೆ. "ಹೊಸ ಟಯರ್ ಸಾರ್, ಹಾಗೇ ಸಿಡೀತು" ಎನ್ನುವ ಕಥೆಗಳಲ್ಲಿ ಹೆಚ್ಚಿನವು ಕಡಿಮೆ ಗಾಳಿಯ, ಹೆಚ್ಚು ಭಾರದ ಕಥೆಗಳೇ ಎಂದು ನನ್ನ ಅನುಮಾನ.

ಮಾತು ಬಂತು ಅಂತ ಹೇಳುತ್ತೇನೆ. ಸಂಪಾಜೆ ಇಳಿದು ಸುಳ್ಯದ ಕಡೆ ಹೋದರೆ ರಸ್ತೆಯ ಬದಿಯಲ್ಲೇ ಬಟ್ಟಲು ಕಟ್ಟಿಸಿಕೊಂಡ ರಬ್ಬರ್ ಮರಗಳು ಸಿಗುತ್ತವೆ. ಸುಳ್ಯ, ಪುತ್ತೂರು ಕಡೆ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಆ ಮರದ ಹಾಲಿನ ರಬ್ಬರನ್ನು ಭಾರದ ಟಯರುಗಳಲ್ಲಿ ಇಂದಿಗೂ ಹೆಚ್ಚು ಬಳಸುವುದಕ್ಕೆ ಕಾರಣ ಇದೇ ಬಿಸಿ. ಕಾರ್ಖಾನೆಯ ರಬ್ಬರಿಗಿಂತ ಅದು ಮಡಚಿ ಬಿಚ್ಚುವಾಗ ಕಡಿಮೆ ಕಾಯುತ್ತದೆ, ಸೀಳಿಗೂ ಚೆನ್ನಾಗಿ ತಡೆಯುತ್ತದೆ. ಕೆಳಗೆ ಹಾಲು ಕರೆಯುತ್ತಾರೆ, ಮೇಲೆ ಮೈಸೂರಿನಲ್ಲಿ, ಹಿಂದೆ ವಿಕ್ರಾಂತ್ ಎಂದಿದ್ದು 1997ರಿಂದ ಜೆಕೆಯವರ ಕೈಗೆ ಬಂದ ಕಾರ್ಖಾನೆಯಲ್ಲಿ, ಟಯರ್ ಮಾಡುತ್ತಾರೆ. ನಡುವೆ ಇರುವ ನಾವು ಗಾಳಿ ಹಿಡಿಸದೆ ಅದನ್ನು ಸುಡುತ್ತೇವೆ!

ಗಾಳಿ ನೋಡುವುದಾದರೆ ಬೆಳಿಗ್ಗೆ, ಗಾಡಿ ಓಡುವ ಮುಂಚೆ ನೋಡಿ. ಒಂದು ಗೇಜ್ ತಗೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ, ಕಾಲಿನಲ್ಲಿ ಒದ್ದು ನೋಡುವ ಪದ್ಧತಿ ಬಿಡಿ. 60 ಪಿಎಸ್‌ಐ ಹಿಡಿಯುವ ಗಟ್ಟಿ ಪಕ್ಕೆಯ ಟಯರು 40ಕ್ಕೆ ಇಳಿದರೂ ಒದ್ದಾಗ ಗಟ್ಟಿಯಾಗೇ ಇರುತ್ತದೆ. ಘಟ್ಟದ ಮೇಲಿನ ಚಳಿಯಿಂದ ಕೆಳಗಿನ ಸೆಖೆಗೆ ಇಳಿದಾಗ ಗಾಳಿ ಹೆಚ್ಚು ತೋರಿಸಿತೆಂದು ಬಿಡಬೇಡಿ. ಹತ್ತು ಡಿಗ್ರಿ ಬಿಸಿ ಏರಿದರೆ ಅಂಥ ಟಯರಿನಲ್ಲಿ ಎರಡೂವರೆ ಪಿಎಸ್‌ಐ ತಾನಾಗಿಯೇ ಏರುತ್ತದೆ, ಓಟದ ಬಿಸಿ ಬೇರೆ. ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ. ಇದರ ಉಲ್ಟಾ ಸಮಸ್ಯೆ ಖಾಲಿ ಗಾಡಿಯದು. ಲೋಡಿಗೆಂದು ಹಿಡಿಸಿದ ಗಾಳಿಯಲ್ಲಿ ಖಾಲಿ ಪಿಕಪ್ಪಿನ ಹಿಂಭಾಗ ಕುಣಿಯುತ್ತದೆ, ಟಯರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಸರಕು ಇಳಿಸಿ ಮಳೆಯಲ್ಲಿ ವಾಪಸು ಬರುವಾಗ ಹಿಂಭಾಗ ಜಾರುವುದು ಇದಕ್ಕೇ. ಖಾಲಿಗೆ ಬೇರೆ, ಲೋಡಿಗೆ ಬೇರೆ ಒತ್ತಡ ಗಾಡಿಯ ಪುಸ್ತಕದಲ್ಲೇ ಕೊಟ್ಟಿದ್ದರೆ ಪಾಲಿಸಿ. ದಿನಕ್ಕೆ ನಾಲ್ಕು ಸಲ ಗಾಳಿ ಬಿಟ್ಟು ಹಿಡಿಸಲು ಆಗುವುದಿಲ್ಲ ಎನ್ನುವುದು ನನಗೂ ಗೊತ್ತು. ಹಾಗಾದರೆ ಖಾಲಿ ಬರುವಾಗ ನಿಧಾನ ಬನ್ನಿ, ಲೋಡಿಗಿಂತ ನಿಧಾನ.

ಹಲ್ಲಿನ ವಿಷಯಕ್ಕೆ ಈಗ ಬರೋಣ. ರಸ್ತೆಗಷ್ಟೇ ಮಾಡಿದ ಎಚ್/ಟಿ, ಎರಡಕ್ಕೂ ಒಗ್ಗುವ ಎ/ಟಿ, ಕೆಸರಿಗೇ ಮಾಡಿದ ಎಂ/ಟಿ ಎಂದು ಮೂರು ಜಾತಿ. ಎಂ/ಟಿಯ ಹಲ್ಲುಗಳ ನಡುವೆ ಅಗಲ ಸಂದಿ ಇರುತ್ತದೆ, ಚಕ್ರ ತಿರುಗಿದಾಗ ಕೆಸರು ಎಸೆದುಹೋಗಲಿ ಎಂದು. ಸಂದಿ ಹೆಚ್ಚಾದಷ್ಟೂ ಡಾಂಬರು ಮುಟ್ಟುವ ರಬ್ಬರು ಕಡಿಮೆ. ಆ ದೊಡ್ಡ ಹಲ್ಲುಗಳು ಬ್ರೇಕ್ ಹಿಡಿದಾಗ ಅಲುಗಾಡುತ್ತವೆ, ಬೇಗ ಸವೆಯುತ್ತವೆ, ಡೀಸೆಲನ್ನೂ ಹೆಚ್ಚು ಕುಡಿಸುತ್ತವೆ. ಬಾಡಿಗೆ ಪಿಕಪ್ಪಿಗೆ ಎಂ/ಟಿ ಹಾಕುವುದು ನನ್ನ ದೃಷ್ಟಿಯಲ್ಲಿ ಶೋಕಿ. ಕೊನೆಯ ಒಂದು ಕಿಲೋಮೀಟರಿನ ಜೇಡಿಗೆ ನಮ್ಮ ಹಿರಿಯರ ಕಾಲದ ಉಪಾಯ ಇದ್ದೇ ಇದೆ. ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಬಿಗಿದು ಹತ್ತಿಸಿ, ಡಾಂಬರು ಸಿಕ್ಕ ಕೂಡಲೇ ಬಿಚ್ಚಿ. ಎಷ್ಟೇ ದುಬಾರಿ ಟಯರು ತಂದರೂ ನಮ್ಮ ಕೆಂಪು ಜೇಡಿ ಸಂದಿಯೆಲ್ಲ ತುಂಬಿಕೊಂಡು ನುಣ್ಣಗೆ ಮಾಡಿದ ಮೇಲೆ ಚೈನಿನ ಮುಂದೆ ಅದು ಸೋಲುತ್ತದೆ.

ಎ/ಟಿಗಳಲ್ಲೂ ಎಲ್ಲ ಒಂದೇ ಅಲ್ಲ. ಹಲ್ಲಿನ ಮೇಲೆ ಬ್ಲೇಡಿನಲ್ಲಿ ಗೀರಿದಂಥ ತೆಳು ಸೀಳುಗಳಿವೆಯೇ ನೋಡಿ. ಒದ್ದೆ ರಸ್ತೆಯ ಮೇಲಿನ ನೀರಿನ ತೆಳು ಪೊರೆಯನ್ನು ಒಡೆದು ರಬ್ಬರನ್ನು ನೆಲಕ್ಕೆ ಮುಟ್ಟಿಸುವುದು ಅವು. ಮೊದಲ ಮಳೆಯಲ್ಲಿ ಧೂಳು, ಎಣ್ಣೆ, ಕೊಳೆತ ಎಲೆ ಸೇರಿ ಘಾಟಿ ರಸ್ತೆ ಸೋಪು ಹಚ್ಚಿದ ಹಾಗಾಗುವುದು ನಿಮಗೆ ಹೇಳಬೇಕಿಲ್ಲ. ಒದ್ದೆ ರಸ್ತೆಯ ಹಿಡಿತಕ್ಕೆ ಈಗ ನಮ್ಮ ದೇಶದಲ್ಲೂ ಮಾನದಂಡವಿದೆ. ಎಐಎಸ್ 142 ಎಂಬ ಅದನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಅಧಿಸೂಚಿಸಿತು. ಕಾರು, ಲಘು ಲಾರಿ, ಲಾರಿ ಮೂರೂ ವರ್ಗದ ಟಯರುಗಳು ಅದರ ವ್ಯಾಪ್ತಿಗೆ ಬರುತ್ತವೆ. ಐಎಸ್‌ಐ ಗುರುತು ಅದಕ್ಕೂ ಮುಂಚಿನಿಂದ ಕಡ್ಡಾಯ. ಎರಡೂ ಇಲ್ಲದ, ಬಿಲ್ಲೂ ಇಲ್ಲದ "ಫಾರಿನ್ ಮಾಲು" ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಬೇಡಿ. ಪಕ್ಕೆಯ ಮೇಲೆ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಅದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವೂ ಇಲ್ಲ. ಅದು ಹಿಮ ಬೀಳುವ ಊರಿನ ಪರೀಕ್ಷೆ ಪಾಸು ಮಾಡಿದ ಗುರುತು. ಬಾಬಾಬುಡನ್‌ಗಿರಿಯಲ್ಲಿ ಮಂಜು ಬೀಳುತ್ತದೆ, ಹಿಮವಲ್ಲ.

ತೋಟದೊಳಗೆ ನಿಜವಾದ ಶತ್ರು ಕೆಸರಿಗಿಂತ ಹೆಚ್ಚಾಗಿ ಮೋಟು. ಓರೆಯಾಗಿ ಕಡಿದ ಕಾಫಿ ಗಿಡದ ಮೋಟು, ಹೊಸದಾಗಿ ಸುರಿದ ಚೂಪು ಜಲ್ಲಿ. ಇವು ಹೊಡೆಯುವುದು ಪಕ್ಕೆಗೆ. ಪಕ್ಕೆ ಸೀಳಿದರೆ ಯಾವ ಪಂಕ್ಚರ್ ಅಂಗಡಿಯವನೂ ಅದನ್ನು ನಂಬಿಕೆಯಿಂದ ರಿಪೇರಿ ಮಾಡಲಾರ. ಹಾಗಾಗಿ ಎ/ಟಿಗೆ ಹೆಚ್ಚು ದುಡ್ಡು ಕೊಡುವುದೇ ಆದರೆ ಪಕ್ಕೆಯಲ್ಲಿ ಹೆಚ್ಚು ಪದರ ಇದೆಯೇ ಎಂದು ಕೇಳಿ ಕೊಡಿ.

ಅಗಲದ ಆಸೆಯ ಬಗ್ಗೆ ಒಂದೆರಡು ಮಾತು. 215/75 ಆರ್ 15 ಟಯರಿನ ಎತ್ತರ ಸುಮಾರು 703 ಮಿ.ಮೀ., 235/75 ಆರ್ 15ರದ್ದು 733. ನೂರಕ್ಕೆ ನಾಲ್ಕರಷ್ಟು ದೊಡ್ಡದು. ಮೀಟರು 60 ತೋರಿಸುವಾಗ ಗಾಡಿ 62 ದಾಟಿರುತ್ತದೆ, ಅದು ದೊಡ್ಡ ವಿಷಯವಲ್ಲ. ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ಇಳಿಜಾರಿನಲ್ಲಿ ಅದೇ ಬ್ರೇಕು ದೊಡ್ಡ ಚಕ್ರವನ್ನು ನಿಲ್ಲಿಸಬೇಕು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಅದು ದೊಡ್ಡ ವಿಷಯ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅಪಘಾತವಾದಾಗ ವಿಮೆಯವರಿಗೆ ಜಗಳಕ್ಕೆ ಒಂದು ನೆಪ ಸಿಕ್ಕಂತೆಯೂ ಆಗುತ್ತದೆ. ಫೋರ್ ವೀಲ್ ಗಾಡಿಯವರಂತೂ ಮುಂದೊಂದು ಅಳತೆ ಹಿಂದೊಂದು ಅಳತೆ ಹಾಕಲೇಬೇಡಿ. ಹೊಸತು ಹಳತಿನ ನಡುವೆ ಎತ್ತರದ ವ್ಯತ್ಯಾಸ ಇದ್ದರೂ ಗೇರ್‌ಬಾಕ್ಸ್ ತಿರುಚಿಕೊಳ್ಳುತ್ತದೆ. ಆ ರಿಪೇರಿಯ ದುಡ್ಡಿನಲ್ಲಿ ನಾಲ್ಕು ಟಯರಿಗಿಂತ ಹೆಚ್ಚೇ ಬರುತ್ತಿತ್ತು.

ತಯಾರಾದ ದಿನ ನೋಡುವುದು ಸುಲಭ. ಪಕ್ಕೆಯಲ್ಲಿ ಉದ್ದದ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದರೆ 2025ರ ಇಪ್ಪತ್ತಮೂರನೇ ವಾರ. ತೋಟದ ಗಾಡಿಗಳು ವರ್ಷಕ್ಕೆ ಓಡುವುದು ಕಡಿಮೆ. ಅಲ್ಲಿ ಟಯರು ಸವೆದು ಸಾಯುವುದಿಲ್ಲ, ಮುದಿಯಾಗಿ ಬಿರಿದು ಸಾಯುತ್ತದೆ. ಹಲ್ಲು ಚೆನ್ನಾಗಿದೆಯಲ್ಲ ಎಂದು ಹಳೇ ಟಯರನ್ನು ಬಾಡಿಗೆ ಗಾಡಿಗೆ ಹಾಕಿ ಘಾಟಿ ಇಳಿಸುವವರಿದ್ದಾರೆ. ಸ್ಟೆಪ್ನಿಯ ಅಂಕಿಯನ್ನೂ ಒಮ್ಮೆ ಓದಿ ನೋಡಿ, ಗಾಬರಿಯಾಗುತ್ತೀರಿ. ಇನ್ನೊಂದು ಕಡೆ, ಹಲ್ಲಿನ ಸಂದಿಯಲ್ಲಿ ಸಣ್ಣ ಅಡ್ಡ ಉಬ್ಬುಗಳಿರುತ್ತವೆ. ಸವೆದು ಆ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಕಾನೂನು ಅಲ್ಲಿಯವರೆಗೆ ಬಿಡುತ್ತದೆ. ಆಗುಂಬೆಯ ಮಳೆ ಅಲ್ಲಿಯವರೆಗೆ ಬಿಡುವುದಿಲ್ಲ. ಜೂನ್ ಬರುವಾಗ ಅದರ ಎರಡರಷ್ಟಾದರೂ ಇರಲಿ ಎನ್ನುವುದು ನನ್ನ ಮಾತು. ಎರಡೇ ಹೊಸ ಟಯರಿಗೆ ದುಡ್ಡಿದ್ದರೆ ಹಿಂದಕ್ಕೆ ಹಾಕಿ. ಮುಂದಿನದು ಜಾರಿದರೆ ಕೈಗೆ ತಿಳಿಯುತ್ತದೆ, ಹಿಂದಿನದು ಜಾರಿದರೆ ತಿಳಿಯುವ ಹೊತ್ತಿಗೆ ಗಾಡಿ ಅಡ್ಡ ತಿರುಗಿರುತ್ತದೆ. ರೀಸೋಲ್ ಮಾಡಿಸಿದ್ದು ಮುಂದಕ್ಕಂತೂ ಬೇಡ.

ದುಡ್ಡಿನ ಮಾತು ತಪ್ಪಿಸಿಕೊಳ್ಳಲಾಗದು, ಮತ್ತು ಇಲ್ಲಿ ನನ್ನಂಥ ತೋಟದವರನ್ನೂ ಸೇರಿಸಿ ಹೇಳಬೇಕು. ಒಂದು ಟಯರಿಗೆ ಎಂಟು ಸಾವಿರ, ಅದು 40 ಸಾವಿರ ಕಿಲೋಮೀಟರ್ ಬರುತ್ತದೆ ಎಂದುಕೊಳ್ಳಿ. ಕಿಲೋಮೀಟರಿಗೆ 20 ಪೈಸೆ, ನಾಲ್ಕಕ್ಕೆ 80 ಪೈಸೆ. ಓವರ್‌ಲೋಡಿನಿಂದ ಅದೇ ಟಯರು 25 ಸಾವಿರಕ್ಕೆ ಮುಗಿದರೆ ನಾಲ್ಕಕ್ಕೆ 1 ರೂಪಾಯಿ 28 ಪೈಸೆ. ಈ 48 ಪೈಸೆಯನ್ನು ಬಾಡಿಗೆ ಕೊಟ್ಟವರು ಕೊಡುವುದಿಲ್ಲ, ನಿಮ್ಮ ಜೇಬಿನಿಂದ ಹೋಗುತ್ತದೆ. ಎರಡು ಟ್ರಿಪ್ಪಿನ ಸರಕನ್ನು ಒಂದೇ ಟ್ರಿಪ್ಪಿನಲ್ಲಿ ಸಾಗಿಸಿದೆವೆಂದು ನಾವು ಖುಷಿಪಡುತ್ತೇವೆ. ಆ ಉಳಿತಾಯ ನಿಮ್ಮ ಟಯರಿನಿಂದ, ಬೇರಿಂಗಿನಿಂದ, ಪಟ್ಟೆಯಿಂದ ಬಂದದ್ದು ಎಂದು ಬಾಯಿಬಿಟ್ಟು ಹೇಳುವವರಿಲ್ಲ. ಹೇಳಿ. ಬಾಡಿಗೆ ಮಾತಾಡುವಾಗ ಮೂಟೆ ಲೆಕ್ಕ ಮೊದಲೇ ಮಾತಾಡಿ. ಐವತ್ತು ಕಿಲೋ ಮೂಟೆಯಾದರೆ 34ಕ್ಕೆ 1,700 ಕಿಲೋ ಆಯಿತು, ಮೂವತ್ತೈದನೆಯದು ಮುಂದಿನ ಟ್ರಿಪ್ಪಿಗೆ. ಮಳೆಗೆ ನೆನೆದ ಮೂಟೆ ಐವತ್ತು ಕಿಲೋ ಇರುವುದಿಲ್ಲ ಎನ್ನುವುದನ್ನೂ ಮರೆಯಬೇಡಿ.

ಜನರನ್ನು ಹಿಂದೆ ಹತ್ತಿಸುವ ವಿಷಯ ಟಯರಿನದಲ್ಲ ಎನ್ನಬಹುದು. ಟಯರಿನದೂ ಹೌದು. ಮೂಟೆ ನಿಂತಲ್ಲಿ ನಿಲ್ಲುತ್ತದೆ. ನಿಂತ ಜನ ತಿರುವಿನಲ್ಲಿ ಒಟ್ಟಿಗೆ ಒಂದೇ ಕಡೆಗೆ ವಾಲುತ್ತಾರೆ, ಭಾರ ಮೇಲಿರುತ್ತದೆ, ಹೊರಗಿನ ಹಿಂದಿನ ಟಯರು ಅಷ್ಟನ್ನೂ ಒಮ್ಮೆಗೇ ಹೊರಬೇಕು. ಸರಕಿನ ಗಾಡಿಯಲ್ಲಿ ಹೀಗೆ ಕರೆದೊಯ್ಯುವುದು ಕಾನೂನಿಗೆ ವಿರುದ್ಧ, ಹಾಗೆ ಕೂತವರಿಗೆ ವಿಮೆಯ ರಕ್ಷಣೆಯೂ ಸಿಗದೆ ಹೋಗುತ್ತದೆ. ಕೊಯ್ಲಿಗೆ ಕೆಲಸದವರನ್ನು ಕರೆತನ್ನಿ ಎಂದು ನಿಮಗೆ ಫೋನ್ ಮಾಡುವವರು ನಾವೇ. ಜೀಪು, ಟೆಂಪೋ ಟ್ರ್ಯಾಕ್ಸ್ ಕಳಿಸುವ ಖರ್ಚು ನಾವು ಹಾಕಿಕೊಳ್ಳಬೇಕು. "ಆಗುವುದಿಲ್ಲ" ಎಂದು ಹೇಳುವ ಡ್ರೈವರನ್ನು ಬಿಟ್ಟು ಇನ್ನೊಬ್ಬರನ್ನು ಹುಡುಕುವ ಚಾಳಿಯನ್ನೂ ನಾವು ಬಿಡಬೇಕು.

ಕೊನೆಗೆ ಒಂದು ಕೋರಿಕೆ, ನಿಮ್ಮ ಸಂಘಗಳು ಮನಸ್ಸು ಮಾಡಿದರೆ ಈ ಮಳೆಗಾಲಕ್ಕೇ ಆಗಬಹುದಾದದ್ದು. 2025ರ ಸೆಪ್ಟೆಂಬರ್ 22ರಿಂದ ಟಯರಿನ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಕೊಳ್ಳುವುದರಿಂದ ಉಳಿಯುತ್ತಿದ್ದ ದುಡ್ಡೂ ಅಷ್ಟು ಕಡಿಮೆಯಾಗಿದೆ. ಆದ್ದರಿಂದ ಬಿಲ್ಲು ಕೇಳಿ, ವಾರಂಟಿಗೂ ಅದು ಬೇಕು. ಬಿಲ್ಲಿನಲ್ಲಿ ಟಯರಿನ ಹೆಸರು, ಅಳತೆಯ ಜೊತೆಗೆ ಲೋಡ್ ಇಂಡೆಕ್ಸ್ ಮತ್ತು ತಯಾರಾದ ವಾರದ ನಾಲ್ಕು ಅಂಕಿಗಳನ್ನು ಬರೆದುಕೊಡುವಂತೆ ಪೇಟೆಯ ಅಂಗಡಿಗಳನ್ನು ಸಂಘದಿಂದಲೇ ಒತ್ತಾಯಿಸಿ. ಒಬ್ಬರೇ ಕೇಳಿದರೆ ಅಂಗಡಿಯವರು ನಗುತ್ತಾರೆ, ಸ್ಟ್ಯಾಂಡಿನ ಗಾಡಿಗಳೆಲ್ಲ ಕೇಳಿದರೆ ಬರೆಯುತ್ತಾರೆ. ನಮ್ಮ ಕಡೆಯ ಬೆಳೆಗಾರರ ಸಭೆಯಲ್ಲಿ ಮೂಟೆ ಲೆಕ್ಕದ ಮತ್ತು ಕೆಲಸದವರ ಗಾಡಿಯ ವಿಷಯ ಎತ್ತುವುದು ನನ್ನ ಜವಾಬ್ದಾರಿ. ಅಲ್ಲಿ ಏನು ತೀರ್ಮಾನವಾಯಿತು ಎಂದು ನಿಮ್ಮ ಸ್ಟ್ಯಾಂಡಿಗೇ ಬಂದು ಹೇಳುತ್ತೇನೆ.

ಇಂತಿ,
ನಿಮ್ಮ ಗಾಡಿಗಳನ್ನು ಬಾಡಿಗೆಗೆ ಕರೆಸುವ ಒಬ್ಬ ಬೆಳೆಗಾರ